ಬೆಟ್ಟದ ಚಾರಣಕ್ಕೆ ಅನುಮತಿ: ಏಕೆ ಮತ್ತು ಹೇಗೆ?

ತುಮಕೂರು, ಗುಬ್ಬಿ ಹಾಗೂ ಕುಣಿಗಲ್ ಭಾಗದ ಸಾರ್ವಜನಿಕರು ರಜಾದಿನಗಳಲ್ಲಿ ದೇವರಾಯನದುರ್ಗ, ಮಂದರಗಿರಿ, ಹುತ್ರಿದುರ್ಗ ಮೊದಲಾದ ಬೆಟ್ಟಗಳಿಗೆ ತೆರಳುವುದು ವಾಡಿಕೆ. ದೇವರಾಯನದುರ್ಗವು ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದ್ದು, ಯೋಗನರಸಿಂಹಸ್ವಾಮಿ ದೇವಾಲಯದವರೆಗೆ ಮೆಟ್ಟಿಲುಗಳಿವೆ. ಮೆಟ್ಟಿಲು ಬಿಟ್ಟು ಬೆಟ್ಟದ ನೆತ್ತಿಯ ಮೇಲೆ ಸಾಗುವವರಿಗೆ ಮಾತ್ರ ಕಡಿದಾದ ಬಂಡೆಗಳು ಎದುರಾಗುತ್ತವೆ.

2024ರ ಅಕ್ಟೋಬರ್‌ನಲ್ಲಿ ಮಂದರಗಿರಿ ತಪ್ಪಲಿನ ಮೈದಾಳ ಕೆರೆಯ ಬಳಿ ಭಾವಚಿತ್ರ ತೆಗೆಯುವಾಗ ವಿದ್ಯಾರ್ಥಿನಿಯೊಬ್ಬರು ಕಾಲು ಜಾರಿ, ನೀರು ಹರಿಯುತ್ತಿದ್ದ ಬಂಡೆಗಳ ಸಂದಿಯಲ್ಲಿ ಸಿಲುಕಿದರು. ಜೊತೆಯಲ್ಲಿದ್ದವರು ತಿಳಿಸಿದ ಕಾರಣ ಪೊಲೀಸ್ ಹಾಗೂ ಅಗ್ನಿಶಾಮಕ ಸಿಬ್ಬಂದಿ ಮರಳಿನ ಮೂಟೆಗಳಿಂದ ನೀರನ್ನು ತಿರುಗಿಸಿ, ಮರುದಿನ ಅವರನ್ನು ಜೀವಂತವಾಗಿ ಹೊರತಂದರು. ಒಬ್ಬರೇ ಹೋಗಿದ್ದರೆ ಹುಡುಕಬೇಕಾದ ಸ್ಥಳವೇ ಯಾರಿಗೂ ತಿಳಿಯುತ್ತಿರಲಿಲ್ಲ.

ಅನುಮತಿಯ ಉದ್ದೇಶವೂ ಇದೇ ಆಗಿದೆ. ಅದು ಕೇವಲ ಶುಲ್ಕದ ರಸೀದಿಯಲ್ಲ. ಯಾರು, ಯಾವ ದಿನ, ಯಾವ ಹಾದಿಯಲ್ಲಿ ಹೋದರು ಎಂಬುದರ ದಾಖಲೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಸೇರಿದ ನಂತರ ಚಾರಣಿಗರ ಸಂಖ್ಯೆಯನ್ನು ಮಿತಿಗೊಳಿಸುವುದು ಅನಿವಾರ್ಯವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಆರಂಭವಾಯಿತು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು:

1. ಹೋಗಬಯಸುವ ಹಾದಿ ‘ಅರಣ್ಯ ವಿಹಾರ’ದ ಪಟ್ಟಿಯಲ್ಲಿದೆಯೇ ಎಂದು ಪರಿಶೀಲಿಸಿ, ಮುಂಗಡವಾಗಿ ಕಾಯ್ದಿರಿಸುವುದು. ಪಟ್ಟಿಯಲ್ಲಿ ಇಲ್ಲದಿದ್ದಲ್ಲಿ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು.

2. ತಂಡದ ಪ್ರತಿಯೊಬ್ಬರ ಹೆಸರನ್ನೂ ಗುರುತಿನ ಚೀಟಿಯಲ್ಲಿರುವಂತೆಯೇ ನಮೂದಿಸಿ, ಮೂಲ ಚೀಟಿಯನ್ನು ಜೊತೆಯಲ್ಲಿ ಒಯ್ಯುವುದು.

3. ಬೆಟ್ಟದ ಹೆಸರು ಹಾಗೂ ಹಿಂದಿರುಗುವ ಸಮಯವನ್ನು ಮನೆಯವರಿಗೆ ತಿಳಿಸುವುದು.

4. ಬಂಡೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಆದುದರಿಂದ ಬೆಳಿಗ್ಗೆಯೇ ಹೊರಟು, ಕತ್ತಲಾಗುವ ಬಹಳ ಮುಂಚೆಯೇ ಕೆಳಗಿಳಿಯುವುದು. ಮಳೆಯಲ್ಲಿ ಪಾಚಿಗಟ್ಟಿದ ಬಂಡೆಯ ಮೇಲೆ ಕಾಲಿಡಬಾರದು.

5. ಬೆಂಕಿ ಹಚ್ಚಬಾರದು. ಬೇಸಿಗೆಯಲ್ಲಿ ಒಣಹುಲ್ಲಿಗೆ ತಗುಲಿದ ಕಿಡಿಯು ಇಳಿಜಾರಿನಲ್ಲಿ ಮೇಲ್ಮುಖವಾಗಿ ವೇಗವಾಗಿ ಹರಡುತ್ತದೆ. ಹೊಗೆಗೆ ಹೆಜ್ಜೇನು ಏಳುತ್ತದೆ.

ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಪ್ರವೇಶಿಸುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಅನ್ವಯ ಅಪರಾಧವಾಗಿರುತ್ತದೆ. ಅಪಾಯದ ಸಂದರ್ಭದಲ್ಲಿ 112ಕ್ಕೂ, ಅರಣ್ಯಕ್ಕೆ ಸಂಬಂಧಿಸಿದ ದೂರುಗಳಿಗೆ ಅರಣ್ಯ ಸಹಾಯವಾಣಿ 1926ಕ್ಕೂ ಕರೆ ಮಾಡಬಹುದು. ಎಲ್ಲ ಕಡೆ ಮೊಬೈಲ್ ಸಂಪರ್ಕ ದೊರೆಯದಿರುವುದರಿಂದ, ಹೊರಡುವ ಮುನ್ನ ದಾಖಲಿಸಿದ ಹೆಸರೇ ಎಷ್ಟೋ ವೇಳೆ ರಕ್ಷಣೆಯ ಮೊದಲ ಹೆಜ್ಜೆಯಾಗುತ್ತದೆ. ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.