ಕಾಲೇಜು ಬಾಸ್ಕೆಟ್‌ಬಾಲ್ ಮುಖ್ಯ ತರಬೇತುದಾರರ ವೃತ್ತಿ: ಜಾನ್ ವುಡನ್ ಅವರ ನಿದರ್ಶನ

ಕ್ರೀಡಾ ತರಬೇತಿಯನ್ನು ವೃತ್ತಿಯಾಗಿ ಸ್ವೀಕರಿಸಲು ಇಚ್ಛಿಸುವ ಅಭ್ಯರ್ಥಿಗಳ ಹಾಗೂ ಅವರ ಪೋಷಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮುಖ್ಯ ತರಬೇತುದಾರರ ಹೊಣೆ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಆಟಗಾರರ ಆಯ್ಕೆ, ದೈನಂದಿನ ಅಭ್ಯಾಸ, ಪಂದ್ಯದ ತಂತ್ರ ಮತ್ತು ತಂಡದ ಶಿಸ್ತು ಮುಖ್ಯ ತರಬೇತುದಾರರ ಹೊಣೆಯಾಗಿರುತ್ತವೆ. ಆಟಗಾರರು ವಿದ್ಯಾರ್ಥಿಗಳೂ ಆಗಿರುವುದರಿಂದ ಈ ಹುದ್ದೆಯು ಮೂಲತಃ ಶಿಕ್ಷಕರ ಹುದ್ದೆಯೇ ಆಗಿದೆ. ಜಾನ್ ವುಡನ್ ಅವರ ವೃತ್ತಿಜೀವನವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಆರಂಭದ ವರ್ಷಗಳು

ಇಂಡಿಯಾನಾ ರಾಜ್ಯದಲ್ಲಿ 1910ರಲ್ಲಿ ಜನಿಸಿದ ವುಡನ್ ಅವರು ಪರ್ಡ್ಯೂ ವಿಶ್ವವಿದ್ಯಾನಿಲಯದ ಪ್ರಸಿದ್ಧ ಆಟಗಾರರಾಗಿದ್ದರು. ಪದವಿಯ ನಂತರ 1932ರಲ್ಲಿ ಕೆಂಟಕಿ ರಾಜ್ಯದ ಡೇಟನ್ ಪ್ರೌಢಶಾಲೆಯನ್ನು ಸೇರಿ, ಪಾಠ ಹೇಳುವುದರ ಜೊತೆಗೆ ತರಬೇತಿಯನ್ನೂ ನೀಡಿದರು. ಅವರ ಮೊದಲ ತಂಡವು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ, 1946ರಲ್ಲಿ ಇಂಡಿಯಾನಾ ಸ್ಟೇಟ್ ಶಿಕ್ಷಕರ ಕಾಲೇಜಿನ ತರಬೇತುದಾರರಾದರು.

1947ರ ನಿರ್ಧಾರ

ಈ ತಂಡಕ್ಕೆ 1947ರಲ್ಲಿ ಕಾನ್ಸಾಸ್ ಸಿಟಿಯ ರಾಷ್ಟ್ರೀಯ ಪಂದ್ಯಾವಳಿಗೆ ಆಹ್ವಾನ ಬಂದಿತು. ಆದರೆ ಕಪ್ಪು ವರ್ಣೀಯರಿಗೆ ಅಲ್ಲಿ ಆಡಲು ಅವಕಾಶವಿರಲಿಲ್ಲ. ತಂಡದ ಕ್ಲಾರೆನ್ಸ್ ವಾಕರ್ ಅವರನ್ನು ಬಿಟ್ಟು ಹೋಗಲು ಒಪ್ಪದ ವುಡನ್ ಅವರು ಆಹ್ವಾನವನ್ನು ನಿರಾಕರಿಸಿದರು. 1948ರಲ್ಲಿ ಸದರಿ ನಿಷೇಧವನ್ನು ತೆಗೆದುಹಾಕಲಾಯಿತು. ವಾಕರ್ ಅವರು ಆ ಪಂದ್ಯಾವಳಿಯಲ್ಲಿ ಆಡಿದ ಪ್ರಥಮ ಕಪ್ಪು ವರ್ಣೀಯ ಆಟಗಾರರೆನಿಸಿದರು. ತಂಡವು ಅಂತಿಮ ಪಂದ್ಯದಲ್ಲಿ ಲೂಯಿವಿಲ್ ತಂಡಕ್ಕೆ ಸೋತಿತು.

ತಡವಾಗಿ ಬಂದ ಯಶಸ್ಸು

ವುಡನ್ ಅವರು 1948ರಿಂದ 1975ರವರೆಗೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಮುಖ್ಯ ತರಬೇತುದಾರರಾಗಿದ್ದರು. ಮೊದಲ ರಾಷ್ಟ್ರೀಯ ಪ್ರಶಸ್ತಿ ಲಭಿಸಿದ್ದು 1964ರಲ್ಲಿ, ಅಂದರೆ ಅಲ್ಲಿನ 16ನೆಯ ಋತುವಿನಲ್ಲಿ. ಆ ವರ್ಷ ತಂಡವು ಆಡಿದ 30 ಪಂದ್ಯಗಳನ್ನೂ ಗೆದ್ದಿತು. ಅದೂ ಸೇರಿ 12 ವರ್ಷಗಳಲ್ಲಿ 10 ರಾಷ್ಟ್ರೀಯ ಪ್ರಶಸ್ತಿಗಳು ದೊರೆತವು; ಇವುಗಳಲ್ಲಿ 1967ರಿಂದ 1973ರವರೆಗಿನ 7 ಪ್ರಶಸ್ತಿಗಳು ಸತತವಾಗಿ ಬಂದವು. 1971ರಿಂದ 1974ರ ಜನವರಿಯವರೆಗೆ ತಂಡವು ಸತತ 88 ಪಂದ್ಯಗಳನ್ನು ಗೆದ್ದಿತು.

ಬೋಧನಾ ವಿಧಾನ

ಪ್ರತಿದಿನದ ಅಭ್ಯಾಸಕ್ಕೂ ಮುನ್ನ ಸಹಾಯಕರೊಂದಿಗೆ ಕುಳಿತು ನಿಮಿಷವಾರು ಯೋಜನೆಯನ್ನು ಚೀಟಿಗಳಲ್ಲಿ ಬರೆದುಕೊಳ್ಳುವುದು ಅವರ ಕ್ರಮವಾಗಿತ್ತು. ಋತುವಿನ ಆರಂಭದಲ್ಲಿ ಆಟಗಾರರಿಗೆ ಕಾಲುಚೀಲ ಮತ್ತು ಬೂಟುಗಳನ್ನು ಸರಿಯಾಗಿ ತೊಡುವುದನ್ನೇ ಕಲಿಸುತ್ತಿದ್ದರು; ಕಾಲುಚೀಲದ ಸುಕ್ಕಿನಿಂದ ಪಾದದಲ್ಲಿ ಬೊಬ್ಬೆ ಎದ್ದರೆ ಆಟವು ಕೆಡುತ್ತದೆಂಬುದು ಇದಕ್ಕೆ ಕಾರಣ. 1974–75ರ ಋತುವಿನಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಅವರ ಅಭ್ಯಾಸ ತರಗತಿಗಳನ್ನು ಅವಲೋಕಿಸಿದರು. ಅವರ ಮಾತುಗಳಲ್ಲಿ ಅರ್ಧದಷ್ಟು ನೇರವಾಗಿ ಆಟದ ಬೋಧನೆಗೆ ಸಂಬಂಧಿಸಿದ್ದವು. ಹೊಗಳಿಕೆಯಾಗಲಿ ಗದರಿಕೆಯಾಗಲಿ ವಿರಳವಾಗಿದ್ದಿತು.

ನಿವೃತ್ತಿ ಮತ್ತು ಗೌರವ

1975ರಲ್ಲಿ ಹತ್ತನೆಯ ಪ್ರಶಸ್ತಿಯೊಂದಿಗೆ ವುಡನ್ ಅವರು ನಿವೃತ್ತರಾದರು. ಬಾಸ್ಕೆಟ್‌ಬಾಲ್ ಕೀರ್ತಿಭವನಕ್ಕೆ ಆಟಗಾರರಾಗಿಯೂ ತರಬೇತುದಾರರಾಗಿಯೂ ಆಯ್ಕೆಯಾದ ಪ್ರಥಮ ವ್ಯಕ್ತಿ ಅವರೇ. 2003ರಲ್ಲಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕವನ್ನು ಪಡೆದ ಅವರು 2010ರ ಜೂನ್ 4ರಂದು ತಮ್ಮ 99ನೆಯ ವಯಸ್ಸಿನಲ್ಲಿ ನಿಧನರಾದರು.

ಅಭ್ಯರ್ಥಿಗಳು ಗಮನಿಸಬೇಕಾದ ಅಂಶಗಳು

1. ತರಬೇತುದಾರರ ಕಾರ್ಯವನ್ನು ಆರಂಭದ ಕೆಲವು ಋತುಗಳ ಫಲಿತಾಂಶದಿಂದ ಮಾತ್ರ ಅಳೆಯಲಾಗದು.
2. ಪಂದ್ಯದ ದಿನಕ್ಕಿಂತ ಅಭ್ಯಾಸದ ದಿನಗಳ ಸಿದ್ಧತೆಯು ಮುಖ್ಯವಾದುದು.
3. ತಂಡದ ಪ್ರತಿಯೊಬ್ಬ ಆಟಗಾರರನ್ನೂ ಸಮಾನವಾಗಿ ಕಾಣುವುದು ಹುದ್ದೆಯ ಕರ್ತವ್ಯವೇ ಆಗಿದ್ದು, ಅದಕ್ಕಾಗಿ ಪ್ರಶಸ್ತಿಯ ಅವಕಾಶವನ್ನು ಬಿಡಬೇಕಾದ ಸಂದರ್ಭವೂ ಒದಗಬಹುದು.