ಜಿಮ್ ಥಾರ್ಪ್ ಅವರ ಪದಕದ ಕಥೆ



ನಮ್ಮ ಆಟೋಟದಲ್ಲಿ ಓಡೋನು ಒಬ್ಬ, ಗುಂಡು ಎಸೆಯೋನು ಇನ್ನೊಬ್ಬ. ಎಲ್ಲವನ್ನೂ ಒಬ್ಬನೇ ಮಾಡಬೇಕು ಅಂದ್ರೆ? ಅಂಥ ಸ್ಪರ್ಧೆಯೇ ಡೆಕಾಥ್ಲಾನ್. 100, 400, 1500 ಮೀಟರ್ ಓಟ, 110 ಮೀಟರ್ ಹರ್ಡಲ್ಸ್, ಉದ್ದ ಜಿಗಿತ, ಎತ್ತರ ಜಿಗಿತ, ಕೋಲು ಜಿಗಿತ, ಗುಂಡು ಎಸೆತ, ಚಕ್ರ ಎಸೆತ, ಈಟಿ ಎಸೆತ, ಹೀಗೆ ಒಟ್ಟು ಹತ್ತು. ಎಲ್ಲದರ ಅಂಕ ಕೂಡಿಸಿ ಯಾರದ್ದು ಹೆಚ್ಚೋ ಅವರೇ ಗೆದ್ದಂತೆ. ಐದೇ ಆಟಗಳಿದ್ದರೆ ಅದು ಪೆಂಟಾಥ್ಲಾನ್.

1912ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಈ ಎರಡರಲ್ಲೂ ಚಿನ್ನ ಗೆದ್ದವರು ಅಮೆರಿಕದ ಜಿಮ್ ಥಾರ್ಪ್. ಡೆಕಾಥ್ಲಾನ್‌ನಲ್ಲಿ ಎರಡನೆಯವರಿಗಿಂತ ಸುಮಾರು 700 ಅಂಕ ಮುಂದಿದ್ದರು!

ಥಾರ್ಪ್ ಅಮೆರಿಕದ ಮೂಲನಿವಾಸಿಗಳಾದ ಸ್ಯಾಕ್ ಅಂಡ್ ಫಾಕ್ಸ್ ಜನಾಂಗದವರು. ಹುಟ್ಟಿದ್ದು ಈಗಿನ ಒಕ್ಲಹೋಮಾದಲ್ಲಿ. ಓದಿದ್ದು ಪೆನ್ಸಿಲ್ವೇನಿಯಾದ ಕಾರ್ಲೈಲ್ ಶಾಲೆಯಲ್ಲಿ. ಅಲ್ಲಿ ಮೂಲನಿವಾಸಿ ಮಕ್ಕಳ ಕೂದಲು ಕತ್ತರಿಸಿ, ಮನೆಮಾತು ಆಡದಂತೆ ತಡೆಯುತ್ತಿದ್ದರು. ಅಂಥ ಕಡೆಯಿಂದ ಬಂದವರು ಜಗತ್ತನ್ನೇ ಗೆದ್ದರು.

ಆದರೆ 1913ರಲ್ಲಿ ಎರಡೂ ಪದಕ ಕಿತ್ತುಕೊಂಡರು. ಯಾಕೆ ಗೊತ್ತಾ? 1909 ಮತ್ತು 1910ರಲ್ಲಿ ಅವರು ಸ್ವಲ್ಪ ದುಡ್ಡು ತಗೊಂಡು ಬೇಸ್‌ಬಾಲ್ ಆಡಿದ್ದರು. ಹಣಕ್ಕಾಗಿ ಆಡಿದವರು ಆಗ ಒಲಿಂಪಿಕ್ಸ್‌ಗೆ ಬರುವಂತಿರಲಿಲ್ಲ. ಬೇರೆ ಹುಡುಗರೂ ಹಾಗೆ ಆಡುತ್ತಿದ್ದರು, ಆದರೆ ಸುಳ್ಳು ಹೆಸರಿನಲ್ಲಿ. ಥಾರ್ಪ್ ಸ್ವಂತ ಹೆಸರಿನಲ್ಲೇ ಆಡಿ ಸಿಕ್ಕಿಬಿದ್ದರು. ಕೇಳಿದಾಗ ಮುಚ್ಚಿಡದೆ ಒಪ್ಪಿಕೊಂಡರು.

ಇನ್ನೊಂದು ನಿಯಮವೂ ಇತ್ತು. ದೂರು ಕೊಡುವುದಾದರೆ ಕೂಟ ಮುಗಿದ 30 ದಿನದೊಳಗೆ ಕೊಡಬೇಕು. ಇವರ ಮೇಲೆ ದೂರು ಬಂದದ್ದು ಸುಮಾರು ಆರು ತಿಂಗಳ ಮೇಲೆ! ಇವರಿಗೆ ಒಂದು ನಿಯಮ ತೋರಿಸಿದವರು, ತಮ್ಮ ನಿಯಮವನ್ನೇ ಮರೆತರು. ಇದನ್ನು ಓದಿದಾಗ ನನಗೆ ಬಹಳ ಸಿಟ್ಟು ಬಂತು.

ಥಾರ್ಪ್ 1953ರಲ್ಲಿ ತೀರಿಕೊಂಡರು. 1982ರಲ್ಲಿ ಒಲಿಂಪಿಕ್ ಸಮಿತಿ ತಪ್ಪನ್ನು ಅರ್ಧ ತಿದ್ದಿತು, ಜಂಟಿ ವಿಜೇತ ಅಂತ ಬರೆಯಿತು. ಮರುವರ್ಷ ಅವರ ಮಕ್ಕಳ ಕೈಗೆ ಪದಕ ಕೊಟ್ಟರು. ಡೆಕಾಥ್ಲಾನ್‌ನಲ್ಲಿ ಎರಡನೆಯವರಾಗಿದ್ದ ಸ್ವೀಡನ್ನಿನ ಹ್ಯೂಗೋ ವೀಸ್ಲಾಂಡರ್, ನಿಜವಾಗಿ ಗೆದ್ದವರು ಥಾರ್ಪ್ ಅಂತಲೇ ನಂಬಿದ್ದರು ಎಂದು ಅವರ ಮನೆಯವರು ಹೇಳಿದರು. ಕೊನೆಗೆ 2022ರ ಜುಲೈನಲ್ಲಿ ಥಾರ್ಪ್ ಒಬ್ಬರೇ ವಿಜೇತರು ಎಂದು ಘೋಷಿಸಿದರು. ಗೆದ್ದು ಆಗಲೇ 110 ವರ್ಷ ಆಗಿತ್ತು!

ಗೆಳೆಯರೇ, ನಿಯಮ ಆಡೋರಿಗೆ ಎಷ್ಟೋ, ತೀರ್ಪು ಕೊಡೋರಿಗೂ ಅಷ್ಟೇ. ಸೋತ ಮೇಲೂ ಗೆದ್ದವರನ್ನು ಒಪ್ಪಿಕೊಂಡ ಆ ಸ್ವೀಡನ್ನಿನವರನ್ನೂ ನಾವು ಮರೆಯಬಾರದು.