ಕನ್ನಡಿ ಹೋಯಿತು, ಗಾಜು ಬಾಳೀತೆ?

ಲೇಪಾಕ್ಷಿಯ ವೀರಭದ್ರ ದೇವಾಲಯದ ನಾಟ್ಯಮಂಟಪದಲ್ಲಿ ತಲೆಯೆತ್ತಿದರೆ ಚಾವಣಿಯ ತುಂಬ ವಿಜಯನಗರ ಕಾಲದ ವರ್ಣಚಿತ್ರಗಳು. ಒಂದೇ ಫೋಟೋದಲ್ಲಿ ಹಿಡಿಯೋಣವೆಂದರೆ ಹಿಂದೆ ಸರಿಯಲು ಜಾಗವಿಲ್ಲ, ಬೆನ್ನಿಗೆ ಕಂಬ ತಾಗುತ್ತದೆ. ಇಂಥಲ್ಲಿ ಬೇಕಾಗುವುದು ಅತಿ ಅಗಲ ನೋಟದ ಝೂಮ್ ಲೆನ್ಸು. ನಮ್ಮ ಮಡಕಶಿರಾ ಸೀಮೆಯ ಮದುವೆ ಚಪ್ಪರಗಳಲ್ಲಿ ಇಡೀ ಬಂಧುಬಳಗವನ್ನು ಹಿಡಿಯುವುದಕ್ಕೂ ಅದೇ ಬೇಕು. ಬೆಲೆ ಮಾತ್ರ ಒಂದು ಜೊತೆ ಎತ್ತಿನ ಲೆಕ್ಕಕ್ಕೆ ಬರುತ್ತದೆ.

ಸ್ಟುಡಿಯೋ ಇಟ್ಟಿರುವ ನನ್ನ ತಂಗಿಯ ಮಗ, "ಮಾವ, ಹಳೇದು ಮಾರಿ ಹೊಸದು ತಗೊಳ್ಲಾ?" ಎಂದು ಕೇಳಿದ. ಸಾಲದ ಮಾತು ಬಂದ ಮೇಲೆ ರೈತನಾದವನು ಸುಮ್ಮನಿರಲಾದೀತೆ? ವಿಚಾರಿಸುತ್ತಾ ಹೋದೆ.

ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದ ಒಳಗೆ ಒಂದು ಕನ್ನಡಿ ಇರುತ್ತದೆ. ಅದು ಮೇಲೆ ಕೆಳಗೆ ಆಡಲು ಜಾಗ ಬೇಕಾದ್ದರಿಂದ ಲೆನ್ಸು ದೂರವೇ ನಿಲ್ಲಬೇಕು. ಲೆನ್ಸು ಕೂರುವ ಬಾಯಿಂದ ಫಿಲ್ಮಿಗೆ ನಿಕಾನ್‌ನಲ್ಲಿ 46.5 ಮಿಲಿಮೀಟರ್, ಕ್ಯಾನನ್‌ನ ಇಎಫ್‌ನಲ್ಲಿ 44. ಆದರೆ ಅಗಲ ನೋಟದ ಲೆನ್ಸಿಗೆ ಹತ್ತಿರ ಕೂತರೇ ಸಲೀಸು. ಈ ತೊಡಕಿಗೆ ಫ್ರಾನ್ಸಿನ ಪಿಯರ್ ಆಂಜೆನ್ಯೂ 1950ರಲ್ಲಿ ರೆಟ್ರೋಫೋಕಸ್ ಎಂಬ ದಾರಿ ತೋರಿದರು. ಮುಂದೆ ಬೆಳಕನ್ನು ಚದುರಿಸುವ ದೊಡ್ಡ ಗಾಜು, ಹಿಂದೆ ಅದನ್ನು ಕೂಡಿಸುವ ಗಾಜುಗಳು. ಆದ್ದರಿಂದಲೇ ಆ ಲೆನ್ಸುಗಳಿಗೆ ಕಪ್ಪೆಗಣ್ಣು, ಭಾರೀ ಮೈ. 2007ರ ನಿಕಾನ್ 14-24 ಸುಮಾರು ಒಂದು ಕಿಲೋ. 2015ರ ಕ್ಯಾನನ್ 11-24 ಅಂತೂ 1,180 ಗ್ರಾಂ!

ಕನ್ನಡಿಯಿಲ್ಲದ ಕ್ಯಾಮೆರಾ ಬಂದಾಗ ಈ ದೂರ ನಿಕಾನ್‌ನಲ್ಲಿ 16, ಕ್ಯಾನನ್‌ನಲ್ಲಿ 20 ಮಿಲಿಮೀಟರಿಗೆ ಇಳಿಯಿತು. 2020ರ ನಿಕಾನ್ ಝಡ್ 14-24 ಕೇವಲ 650 ಗ್ರಾಂ. 2023ರ ಕ್ಯಾನನ್ 10-20 ಇನ್ನೂ ಅಗಲ ನೋಡಿಯೂ 570 ಗ್ರಾಂ. ತೆಲುಗಿನಲ್ಲಿ ಕನ್ನಡಿಗೂ ಅದ್ದಂ, ಕಿಟಕಿ ಗಾಜಿಗೂ ಅದ್ದಂ. ಒಂದು ಅದ್ದಂ ಹೋಗಿ ಇನ್ನೊಂದು ಅದ್ದಂ ಹಗುರಾಯಿತು ಅನ್ನಬಹುದು.

ಹಗುರಾದದ್ದಕ್ಕೆ ಇನ್ನೊಂದು ಕಾರಣವೂ ಐತೆ. ಮೊದಲು ಗೆರೆಗಳ ಡೊಂಕನ್ನು ಗಾಜೇ ತಿದ್ದಬೇಕಿತ್ತು. ಈಗ ಒಂದಿಷ್ಟು ಡೊಂಕನ್ನು ಹಾಗೇ ಬಿಟ್ಟು ಕ್ಯಾಮೆರಾದೊಳಗಿನ ಕಂಪ್ಯೂಟರ್ ತಿದ್ದುತ್ತದೆ. ಮುಂದಿನ ವಿನ್ಯಾಸಗಳು ಇದೇ ದಾರಿಯಲ್ಲಿ ನಡೆಯುವ ಸೂಚನೆ ಕಾಣುತ್ತದೆ. ಮೂಲೆಗಳನ್ನು ಎಳೆದು ಸರಿಪಡಿಸಿದಾಗ ಅಲ್ಲಿಯ ವಿವರ ಕೊಂಚ ತೆಳುವಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಮದುವೆಗೆ ಅದು ದೊಡ್ಡ ಮಾತಲ್ಲ, ಚಾವಣಿಯ ಚಿತ್ರವನ್ನು ದಾಖಲೆ ಮಾಡುವವನಿಗೆ ಲೆಕ್ಕಕ್ಕೆ ಬರುತ್ತದೆ.

ಇನ್ನು ಬಾಳಿಕೆ. ಬೂಷ್ಟು ಹಿಡಿಯದಂತೆ ಕಾಪಾಡಿದರೆ ಗಾಜು ಸವೆಯುವುದಿಲ್ಲ. ಸವೆಯುವುದು ಒಳಗಿನ ಮೋಟಾರು, ತೆಳು ಪಟ್ಟಿಯಂಥ ವೈರು, ಸರ್ಕ್ಯೂಟು. ಹಳೆಯ ಎಷ್ಟೋ ಲೆನ್ಸುಗಳಲ್ಲಿ ಮೋಟಾರು ಸತ್ತರೂ ಕೈಯಿಂದ ಉಂಗುರ ತಿರುಗಿಸಿ ಫೋಕಸ್ ಮಾಡಬಹುದು. ಹೊಸವುಗಳಲ್ಲಿ ಉಂಗುರ ತಿರುಗಿಸಿದರೂ ಗಾಜು ಸರಿಸುವುದು ಮೋಟಾರೇ. ಕರೆಂಟಿಲ್ಲದೆ ಅಲುಗುವುದಿಲ್ಲ. ನೇಗಿಲು ಮುರಿದರೆ ಊರಿನ ಬಡಗಿ ಸಾಕು. ಟ್ರ್ಯಾಕ್ಟರಿನ ಸೆನ್ಸರ್ ಕೆಟ್ಟರೆ ಕಂಪನಿಯ ಬಿಡಿಭಾಗಕ್ಕೆ ಕಾಯಬೇಕು. ಇದೂ ಹಂಗೇ.

ಲೆನ್ಸು ಕೂರುವ ಬಾಯಿಯೂ ಬದಲಾಗುತ್ತದೆ. 1987ರಲ್ಲಿ ಕ್ಯಾನನ್ ಇಎಫ್ ತಂದಾಗ ಹಿಂದಿನ ಎಫ್‌ಡಿ ಲೆನ್ಸುಗಳು ಹೊಸ ಕ್ಯಾಮೆರಾಗೆ ಕೂರಲಿಲ್ಲ. ಈ ಸಲ ಕಂಪನಿಗಳು ಅಡಾಪ್ಟರ್ ಕೊಟ್ಟಿವೆ, ಹಳೇ ಲೆನ್ಸು ಹೊಸ ಕ್ಯಾಮೆರಾದಲ್ಲಿ ದುಡಿಯುತ್ತದೆ. ಹೊಸ ಲೆನ್ಸು ಮಾತ್ರ ಹಳೇ ಕ್ಯಾಮೆರಾಗೆ ಕೂರದು.

ಆದ್ದರಿಂದ ಅಳಿಯನಿಗೆ ಹೇಳಿದೆ: "ಮೊದಲು ಬಾಡಿ, ಜತೆಗೊಂದು ಅಡಾಪ್ಟರ್ ತಗೋ. ಹಳೇ ಲೆನ್ಸು ಮಾರಬ್ಯಾಡ. ಚರ್ಮದ ಚೀಲದಲ್ಲಿ ಮುಚ್ಚಿಡದೆ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಒಣಗಿರಲಿ. ಹೊಸದು ಕೊಂಡರೆ, ಐದು ವರ್ಷದಲ್ಲಿ ತನ್ನ ಸಾಲ ತಾನೇ ತೀರಿಸುತ್ತದಾ ಅಂತ ಲೆಕ್ಕ ಹಾಕಿ ಕೊಳ್ಳು." ಕಂಪನಿಗಳಿಗೂ ಒಂದು ಮಾತು: ಹಗುರ ಮಾಡಿದ್ದು ಸಂತೋಷ, ಬಿಡಿಭಾಗ ಸಿಗುವ ಕಾಲವನ್ನೂ ಉದ್ದ ಮಾಡಿ. ಎತ್ತಿನ ಬೆಲೆಯ ವಸ್ತು ಎತ್ತಿನಷ್ಟಾದರೂ ದುಡಿಯಬೇಡವೇ?